ಪಟ್ಟಿ ಬರೆಯುವವರು ಯಾರು? ಕಾಸರಗೋಡಿನ ಸೇವಾಸಂಸ್ಥೆಗಳಲ್ಲಿ ಧರ್ಮದ ಪಾತ್ರ

ಚೆರ್ಕಳದಿಂದ ಬದಿಯಡ್ಕದ ಕಡೆಗೆ ಹೋಗುವಾಗ ಸಿಗುವ ಎಡನೀರು ಮಠದ ಹೆಸರು ಕಾನೂನು ಓದಿದ ಪ್ರತಿಯೊಬ್ಬರಿಗೂ ಗೊತ್ತು. ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರು 1970ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದಾಗ ಸಂವಿಧಾನದ ಮೂಲ ಸ್ವರೂಪದ ಮಾತೇ ಇರಲಿಲ್ಲ. ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಕೈಬಿಟ್ಟು ಹೋಗುತ್ತಿತ್ತು. ಧಾರ್ಮಿಕ ಪಂಗಡಗಳ ಹಕ್ಕುಗಳನ್ನು ಹೇಳುವ 26ನೆಯ ವಿಧಿಯೂ ಅವರ ಅರ್ಜಿಯ ಆಧಾರಗಳಲ್ಲಿ ಒಂದಾಗಿತ್ತು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ, ಸಂಸತ್ತು ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಎಂದು 7-6ರ ಬಹುಮತದಿಂದ ಕೊಟ್ಟ ತೀರ್ಪು ದೇಶದ ಪ್ರಜಾಪ್ರಭುತ್ವಕ್ಕೆ ಆಸರೆಯಾಯಿತು. ಮಠ ಕೇಳಿದ ಪರಿಹಾರ ಮಾತ್ರ ಸಿಗಲಿಲ್ಲ. ಉಳುವವನಿಗೆ ನೆಲ ಕೊಟ್ಟ ಕಾನೂನು ಉಳಿಯಿತು.

ಆ 26ನೆಯ ವಿಧಿಯನ್ನು ಇನ್ನೊಮ್ಮೆ ಓದಬೇಕು. ‘ಧಾರ್ಮಿಕ ಮತ್ತು ದತ್ತಿ ಉದ್ದೇಶಗಳಿಗಾಗಿ’ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಅದು ಪಂಗಡಗಳಿಗೆ ಕೊಡುತ್ತದೆ. ಪೂಜೆಯನ್ನೂ ಪರೋಪಕಾರವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತದೆ. ಸಂವಿಧಾನ ರಚಿಸಿದವರು ಇವೆರಡನ್ನು ಹೊಸದಾಗಿ ಜೋಡಿಸಿದ್ದಲ್ಲ, ನೆಲದ ಮೇಲೆ ಇದ್ದುದೇ ಹಾಗೆ. ಇವತ್ತಿಗೂ ಹಾಗೆಯೇ ಇದೆ.

ನಮ್ಮ ಜಿಲ್ಲೆಯನ್ನೇ ನೋಡಿ. ತಳಂಗರೆಯಲ್ಲಿ ಮಾಲಿಕ್ ದೀನಾರ್ ಹೆಸರಿನ ಆಸ್ಪತ್ರೆಯಿದೆ. ದೇಳಿಯ ಜಾಮಿಅ ಸಅದಿಯ್ಯದಲ್ಲಿ ಅನಾಥಾಲಯವಿದೆ. ಕಾಞಂಗಾಡಿನಲ್ಲಿ ಸ್ವಾಮಿ ರಾಮದಾಸರು 1931ರಲ್ಲಿ ಸ್ಥಾಪಿಸಿದ ಆನಂದಾಶ್ರಮ, ಚೆರ್ಕಳದಲ್ಲಿ ಮಾರ್ ತೋಮಾ ಸಭೆಯವರ ಕಿವುಡ ಮಕ್ಕಳ ಶಾಲೆ, ಮಂಜೇಶ್ವರದ ಪಾವೂರಿನಲ್ಲಿ ಬೀದಿಪಾಲಾದ ಮಾನಸಿಕ ಅಸ್ವಸ್ಥರನ್ನು ಕರೆತಂದು ಆರೈಕೆ ಮಾಡುವ ಸ್ನೇಹಾಲಯ, ಎಡನೀರಿನಲ್ಲಿ ಮಠದ ಶಾಲೆ. ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಹೋದರೆ, ಜೆಸುಯಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪತಿ ಔಷಧ ಕೊಡಲು ತೊಡಗಿದ ಕಂಕನಾಡಿಯ ಜಾಗದಲ್ಲಿ ಇಂದು ದೊಡ್ಡ ಆಸ್ಪತ್ರೆ ನಿಂತಿದೆ. ಸರಕಾರದ ಪಾಲು? ಜಿಲ್ಲೆ ರೂಪುಗೊಂಡದ್ದು 1984ರ ಮೇ 24ರಂದು. ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆಯಾದದ್ದು 2013ರಲ್ಲಿ. 2020ರ ಏಪ್ರಿಲಿನಲ್ಲಿ ಕೋವಿಡ್ ರೋಗಿಗಳನ್ನು ಮಲಗಿಸಲು ಅಲ್ಲಿ ಇನ್ನೂ ಆಸ್ಪತ್ರೆಯ ಕಟ್ಟಡ ಸಿದ್ಧವಾಗಿರಲಿಲ್ಲ, ಇದ್ದ ಬೇರೆ ಕಟ್ಟಡವನ್ನೇ ಆಸ್ಪತ್ರೆಯಾಗಿ ಮಾರ್ಪಡಿಸಬೇಕಾಯಿತು.

ಸೇವಾಸಂಸ್ಥೆಗಳಲ್ಲಿ ಧರ್ಮಕ್ಕೆ ಜಾಗವಿರಬೇಕೇ ಬೇಡವೇ ಎಂದು ಕೇಳುವುದರಲ್ಲಿ ಹಾಗಾಗಿ ಹುರುಳಿಲ್ಲ. ಹಣವನ್ನೂ ಜನರನ್ನೂ ಕೂಡಿಸುವುದರಲ್ಲಿ ಧರ್ಮಕ್ಕೆ ಸಾಟಿಯಾದ ಶಕ್ತಿ ನಮ್ಮಲ್ಲಿ ಇನ್ನೊಂದಿಲ್ಲ. ನಾವು ಕೇಳಬೇಕಾದದ್ದು ಎರಡು. ಆ ಹಣ ಯಾರಿಗೆ ಸಲ್ಲಬೇಕೆಂಬ ಪಟ್ಟಿಯನ್ನು ಯಾರು ಬರೆಯುತ್ತಾರೆ? ಸರಕಾರ ತೀರಿಸಬೇಕಾದ ಬಾಕಿಯನ್ನು ದೇವರ ಹೆಸರಿನಲ್ಲಿ ಭಕ್ತರು ಎಷ್ಟು ಕಾಲ ತೀರಿಸುತ್ತಿರಬೇಕು?

ಪಟ್ಟಿಯ ವಿಷಯ ಮೊದಲು. ಯಾವುದೇ ಸಹಾಯ ಹಂಚಲು ಮನೆಗಳ ಲೆಕ್ಕ ಬೇಕು. ಮಸೀದಿಯ ಜಮಾಅತ್ (ಅಲ್ಲಿಗೆ ಸೇರಿದವರ ಕೂಟ) ಬಳಿ ತನ್ನ ಮಹಲ್‌ಗೆ, ಅಂದರೆ ಮಸೀದಿಯ ವ್ಯಾಪ್ತಿಗೆ, ಸೇರಿದ ಮನೆಗಳ ಲೆಕ್ಕವಿದೆ, ತಿಂಗಳ ವಂತಿಗೆಯ ಪುಸ್ತಕವಿದೆ. ಶುಕ್ರವಾರ ಜುಮಾ ನಮಾಝಿಗೆ ಎಲ್ಲರೂ ಸೇರುವುದರಿಂದ ಕರೆ ಕೊಡಲು ಬೇರೆ ಸಭೆ ಕರೆಯಬೇಕಾಗಿಲ್ಲ. ಬೇಳ, ಕಯ್ಯಾರು, ವರ್ಕಾಡಿಯ ಕಡೆಯ ಕೊಂಕಣಿ ಕೆಥೋಲಿಕರಲ್ಲಿ ಚರ್ಚಿನ ಪ್ರತಿ ವಾಳೆಗೂ (ಕೆಲವು ಮನೆಗಳ ವಿಭಾಗ) ಗುರಿಕಾರರೆಂಬ ಮುಖಂಡರಿದ್ದಾರೆ. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂಬ ಸುದ್ದಿ ಭಾನುವಾರದೊಳಗೆ ಪಾದ್ರಿಯವರನ್ನು ತಲುಪುತ್ತದೆ. 1833ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ದ ಪಾವ್ಲ್ ಸೊಸೈಟಿಯವರು ನಮ್ಮ ಕರಾವಳಿಯ ಚರ್ಚುಗಳಲ್ಲಿ ಮಾಡುವ ಕೆಲಸವೂ ಇದೇ: ಬಡವರ ಮನೆಗೆ ಹೋಗಿ, ಕುಳಿತು, ಕೇಳಿ, ಕೊಡುವುದು.

ದೇವಸ್ಥಾನಕ್ಕೆ ಇಂಥ ಪುಸ್ತಕವಿಲ್ಲ. ಬಂದವರು ಭಕ್ತರು, ಸೇವೆಯ ರಶೀದಿ ಮಾಡಿಸಿ ಪ್ರಸಾದ ತೆಗೆದುಕೊಂಡು ಹೊರಡುತ್ತಾರೆ. ಹಣ ಹರಿದು ಬರುವುದು ಜೀರ್ಣೋದ್ಧಾರ, ಬ್ರಹ್ಮಕಲಶ, ಜಾತ್ರೆ, ಕಳಿಯಾಟಗಳ ಹೊತ್ತಿಗೆ, ಖರ್ಚಾಗುವುದೂ ಅದಕ್ಕೇ. ಮಧೂರು ದೇವಸ್ಥಾನದಲ್ಲಿ 1992ರ ಬಳಿಕ 2025ರಲ್ಲಿ, ಗಣಪತಿಯ ವಿಗ್ರಹವನ್ನು ಅಪ್ಪಗಳಿಂದ ಮುಚ್ಚುವ ಮೂಡಪ್ಪ ಸೇವೆ ನಡೆದಾಗ ಊರೂರಿನಿಂದ ಹೊರೆಕಾಣಿಕೆ ಬಂತು. ಅಕ್ಕಿ, ತೆಂಗಿನಕಾಯಿ, ತರಕಾರಿ ಹೊತ್ತು ಸಾಲಾಗಿ ಹೋಗುವ ವಾಹನಗಳನ್ನು ಕಂಡವರಿಗೆ ನಮ್ಮ ಜನ ಕೊಡುವುದರಲ್ಲಿ ಜಿಪುಣರು ಎಂದು ಹೇಳಲು ಬಾಯಿ ಬರುವುದಿಲ್ಲ. ಆದರೆ ಆ ಔದಾರ್ಯಕ್ಕೆ ಉತ್ಸವದ ಹಂಗಿದೆ. ಅನ್ನದಲ್ಲಿ ಧಾರಾಳವಾದ ಕೈ ಡಯಾಲಿಸಿಸ್ ಬಿಲ್ಲಿನ ಮುಂದೆ ಹಿಂಜರಿಯಲು ಕಾರಣ ಮನಸ್ಸಿನ ಬಡತನವಲ್ಲ, ವ್ಯವಸ್ಥೆಯ ಕೊರತೆ. ಧರ್ಮಸ್ಥಳದವರು 1982ರಲ್ಲಿ ಬೆಳ್ತಂಗಡಿಯಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆ ಈ ಕೊರತೆಯನ್ನೇ ತುಂಬಿತು. ವಾರಕ್ಕೊಮ್ಮೆ ಸೇರುವ ಸಣ್ಣ ಗುಂಪುಗಳ ಮೂಲಕ ಒಂದು ಕ್ಷೇತ್ರಕ್ಕೆ ಮನೆಮನೆಯ ಲೆಕ್ಕ ಸಿಕ್ಕಿತು. ಆ ಯೋಜನೆ ಗಡಿ ದಾಟಿ ಕಾಸರಗೋಡಿಗೂ ಬಂದು ಬೇರೂರಿತು.

ಅನ್ನದಾನದ ಮಾತು ಬಂದಾಗ ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ಕರಾವಳಿಯ ಅನೇಕ ದೇವಸ್ಥಾನಗಳಲ್ಲಿ ಒಂದೇ ದೇವರ ಪ್ರಸಾದವನ್ನು ಜಾತಿ ನೋಡಿ ಬೇರೆ ಬೇರೆ ಪಂಕ್ತಿಯಲ್ಲಿ ಬಡಿಸುತ್ತಿದ್ದರು. ಧರ್ಮ ಪಟ್ಟಿ ಬರೆದಾಗ ಹೊರಗುಳಿಯುವವರು ಅನ್ಯಧರ್ಮೀಯರು ಮಾತ್ರ ಎಂದು ತಿಳಿಯುವುದು ತಪ್ಪು.

ಇದಕ್ಕೆ ಪೂರ್ತಿ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲೇ ಇದೆ. ಬದಿಯಡ್ಕ ಸಮೀಪದ ಕಿಳಿಂಗಾರಿನ ಸಾಯಿರಾಂ ಗೋಪಾಲಕೃಷ್ಣ ಭಟ್ಟರು ಕಾಶಿಯಾತ್ರೆಗೆಂದು ಹಣ ಕೂಡಿಟ್ಟಿದ್ದರು. 1995ರಲ್ಲಿ ಮಳೆಗೆ ಗುಡಿಸಲು ಕಳೆದುಕೊಂಡ ಒಬ್ಬ ಬಡ ಮುಸ್ಲಿಂ ಕುಟುಂಬಸ್ಥ ಸಹಾಯ ಕೇಳಿ ಬಂದಾಗ ಯಾತ್ರೆಯನ್ನು ಕೈಬಿಟ್ಟು ಆ ಹಣದಿಂದ ಮನೆ ಕಟ್ಟಿಸಿಕೊಟ್ಟರು. ಅಲ್ಲಿಂದ 2022ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಅವರು ಕಟ್ಟಿಸಿಕೊಟ್ಟ ಮನೆಗಳ ಸಂಖ್ಯೆ ಇನ್ನೂರೈವತ್ತನ್ನು ಮೀರಿತ್ತು. ಹೊಲಿಗೆ ಯಂತ್ರ, ಆಟೋರಿಕ್ಷಾ, ಕುಡಿಯುವ ನೀರು, ಉಚಿತ ವೈದ್ಯಕೀಯ ಶಿಬಿರ ಎಲ್ಲವೂ ಅದರ ಜೊತೆಗೆ ಬಂದವು. ಭಟ್ಟರು ನಾಸ್ತಿಕರಲ್ಲ, ಜಾತ್ಯತೀತತೆಯ ಭಾಷಣ ಮಾಡಿದವರೂ ಅಲ್ಲ. ಸತ್ಯಸಾಯಿ ಬಾಬಾ ಅವರ ಭಕ್ತರು, ಹೆಸರಿನಲ್ಲೇ ಆ ಭಕ್ತಿಯನ್ನು ಹೊತ್ತವರು. ಭಕ್ತಿ ಅವರಿಗೆ ಕೊಡುವ ಛಲ ಕೊಟ್ಟಿತು, ಪಡೆಯುವವನ ಜಾತಿ ಕೇಳಲು ಹೇಳಲಿಲ್ಲ. ನನ್ನ ಮಟ್ಟಿಗೆ ಸೇವೆಯಲ್ಲಿ ಧರ್ಮದ ಪಾತ್ರ ಎಂದರೆ ಇದು. ಆದರೆ ಇದು ಒಬ್ಬ ವ್ಯಕ್ತಿಯ ಸಾಧನೆ. ನೂರಾರು ಸಮಿತಿಗಳು ಭಟ್ಟರ ಹಾಗೆ ನಡೆದುಕೊಳ್ಳುತ್ತವೆ ಎಂದು ನಂಬಿ ಒಂದು ಜಿಲ್ಲೆಯ ಬಡವರನ್ನು ಬಿಟ್ಟುಬಿಡಲು ಆಗುವುದಿಲ್ಲ.

ಸ್ವಂತ ಸಮುದಾಯಕ್ಕೆ ಕೊಡುವುದೇ ತಪ್ಪು ಎಂಬ ಮಾತೂ ಸರಿಯಲ್ಲ. ಝಕಾತನ್ನು ತೆಗೆದುಕೊಳ್ಳಿ. ನಿರ್ದಿಷ್ಟ ಮಿತಿಗಿಂತ ಹೆಚ್ಚಿನ ಉಳಿತಾಯ ವರ್ಷವಿಡೀ ಕೈಯಲ್ಲಿದ್ದರೆ ಅದರ ಶೇ. 2.5 ಬಡವರ ಪಾಲು. ಅದು ಯಾರಿಗೆ ಸಲ್ಲಬೇಕೆಂಬ ಎಂಟು ವರ್ಗಗಳನ್ನು ಕುರ್‌ಆನಿನ ಒಂಬತ್ತನೆಯ ಅಧ್ಯಾಯವೇ ಹೇಳುತ್ತದೆ, ಮುಖ್ಯವಾಗಿ ಅದು ಸಮುದಾಯದ ಬಡವರಿಗೆ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅದೇ ವ್ಯಕ್ತಿ ಸ್ವಇಚ್ಛೆಯಿಂದ ಕೊಡುವ ಸದಕಕ್ಕೆ ಆ ಕಟ್ಟಿಲ್ಲ, ನೆರೆಯ ಯಾರಿಗೂ ಕೊಡಬಹುದು. ಒಂದೇ ಜೇಬಿನಲ್ಲಿ ಎರಡು ಲೆಕ್ಕ. ಗಲ್ಫಿನಲ್ಲಿ ದುಡಿಯುವ ಉಪ್ಪಳದ ಹುಡುಗ ಇವೆರಡನ್ನೂ ಬೇರೆ ಬೇರೆಯಾಗಿ ಎಣಿಸಿ ಕಳುಹಿಸುತ್ತಾನೆ. ಅದರಲ್ಲಿ ಬೇರೆಯವರಿಗೆ ಆಕ್ಷೇಪಿಸಲು ಏನಿದೆ? ಸಮುದಾಯದೊಳಗಿನ ಕಟ್ಟುಪಾಡು ಸಮುದಾಯಕ್ಕೆ ಬಿಟ್ಟದ್ದು.

ಪ್ರಶ್ನೆ ಏಳುವುದು ಎಲ್ಲರಿಂದ ಹಣ ಎತ್ತಿ, ತೆರಿಗೆ ವಿನಾಯಿತಿಯನ್ನೂ ಪಡೆದು ನಡೆಯುವ ಸಂಸ್ಥೆಗಳ ವಿಷಯದಲ್ಲಿ. ಇಲ್ಲಿ 1961ರ ಆದಾಯ ತೆರಿಗೆ ಕಾಯಿದೆ ಒಂದು ಗೆರೆ ಎಳೆದಿತ್ತು. ಆ ಕಾಯಿದೆ ಜಾರಿಗೆ ಬಂದ ಮೇಲೆ ಸ್ಥಾಪನೆಯಾದ ದತ್ತಿ ಸಂಸ್ಥೆಯೊಂದು ಒಂದು ನಿರ್ದಿಷ್ಟ ಧರ್ಮದ ಅಥವಾ ಜಾತಿಯ ಜನರಿಗಷ್ಟೇ ಇದ್ದರೆ ಅದಕ್ಕೆ ವಿನಾಯಿತಿ ಇರಲಿಲ್ಲ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳಿಗಾಗಿ ಇರುವ ಸಂಸ್ಥೆಗೆ ಈ ನಿರ್ಬಂಧ ತಾಗುತ್ತಿರಲಿಲ್ಲ. ದಾನಿಗೆ ಅದೇ ಕಾಯಿದೆಯ 80ಜಿ ಸೆಕ್ಷನ್ ಅಡಿಯಲ್ಲಿ ತೆರಿಗೆ ರಿಯಾಯಿತಿ ಸಿಗಬೇಕಾಗಿದ್ದರೆ ಸಂಸ್ಥೆ ತನ್ನ ಆದಾಯದ ಶೇ. 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಗಳಿಗೆ ಖರ್ಚು ಮಾಡುವಂತಿರಲಿಲ್ಲ. ಈ ಗೆರೆಯ ಹಿಂದಿನ ತರ್ಕ ಸ್ಪಷ್ಟವಾಗಿದೆ. ತೆರಿಗೆ ಬಿಟ್ಟುಕೊಡುವುದೆಂದರೆ ಎಲ್ಲ ಧರ್ಮದವರ ಬೊಕ್ಕಸದಿಂದ ಕೊಟ್ಟಂತೆಯೇ, ಹಾಗಿದ್ದ ಮೇಲೆ ಬಾಗಿಲು ಎಲ್ಲರಿಗೂ ತೆರೆದಿರಬೇಕು. ನಮ್ಮ ಊರುಗಳ ಟ್ರಸ್ಟುಗಳು ಈ ಗೆರೆಯನ್ನು ಲೆಕ್ಕಪರಿಶೋಧಕರ ತಲೆನೋವು ಎಂದು ಭಾವಿಸಿವೆ. ಅದನ್ನು ತಮ್ಮ ನಡತೆಯ ಅಳತೆಗೋಲು ಎಂದು ತಿಳಿದರೆ ಅರ್ಧ ಸಮಸ್ಯೆ ಮುಗಿದೀತು.

ಸೇವೆಯ ಹೆಸರಿನಲ್ಲಿ ಮತಾಂತರ ಎಂಬ ಆಪಾದನೆ ಇನ್ನೊಂದು ಜಟಿಲ ವಿಷಯ. ಇದು ಇಂದು ನಿನ್ನೆಯದಲ್ಲ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದು ಶಾಲೆ ತೆರೆಯಿತು, ಮುದ್ರಣಾಲಯ ಕಟ್ಟಿತು, 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿತು. ಕ್ರೈಸ್ತರಾದವರು ಜಾತಿಯ ಜೊತೆಗೆ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದರು, ಅವರ ಹೊಟ್ಟೆಪಾಡಿಗೆ ಉದ್ಯೋಗ ಬೇಕಿತ್ತು. ಮಿಶನ್ನಿಗೆ ಮತಪ್ರಚಾರದ ಉದ್ದೇಶವಿತ್ತು, ಅದನ್ನು ಅವರು ಮುಚ್ಚಿಡಲೂ ಇಲ್ಲ. ಅದೇ ಹೊತ್ತಿಗೆ ಆ ಶಾಲೆಗಳಲ್ಲಿ ಕಲಿತವರಲ್ಲಿ, ಆ ಹಂಚಿನಡಿಯಲ್ಲಿ ಬದುಕಿದವರಲ್ಲಿ ಎಲ್ಲ ಜಾತಿಯವರೂ ಇದ್ದರು. ಇತ್ತೀಚೆಗೆ, 2022ರಲ್ಲಿ, ಕರ್ನಾಟಕ ತಂದ ಮತಾಂತರ ತಡೆ ಕಾಯಿದೆ ‘ಆಮಿಷ’ದ ವ್ಯಾಖ್ಯೆಯೊಳಗೆ ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಕೊಡುವ ಉಚಿತ ಶಿಕ್ಷಣವನ್ನೂ ಸೇರಿಸಿತು. ಕೇರಳದಲ್ಲಿ ಅಂಥ ಕಾನೂನಿಲ್ಲ. ತಲಪಾಡಿಯ ಎರಡೂ ಬದಿಯಲ್ಲಿ ಕೆಲಸ ಮಾಡುವ ಒಂದು ಸಂಸ್ಥೆ ಈಚೆ ಮಾಡಿದರೆ ಸೇವೆ ಎನಿಸಿಕೊಳ್ಳುವುದು ಆಚೆ ಮಾಡಿದರೆ ಸಂಶಯಕ್ಕೆ ಗುರಿಯಾಗಬಹುದಾದ ಪರಿಸ್ಥಿತಿ ಹುಟ್ಟಿತು. 2023ರಲ್ಲಿ ಅದನ್ನು ಹಿಂಪಡೆಯಲು ಸಚಿವ ಸಂಪುಟ ತೀರ್ಮಾನಿಸಿತು. ನನ್ನ ನಿಲುವು ಇಷ್ಟು: ಊಟಕ್ಕೆ ಪ್ರಾರ್ಥನೆಯ ಷರತ್ತು ಹಾಕುವುದು ಯಾವ ಧರ್ಮದವರು ಮಾಡಿದರೂ ಹೀನ ಕೆಲಸ. ಆದರೆ ಉಚಿತ ಶಾಲೆಯನ್ನೇ ಗಾಳವೆಂದು ಕರೆಯುವ ಕಾನೂನು ಬಡ ಪೋಷಕರಿಗೆ ಬುದ್ಧಿಯೇ ಇಲ್ಲ ಎಂದು ಹೇಳಿದ ಹಾಗಾಗುತ್ತದೆ.

ಇನ್ನು ಯಾವ ಪಟ್ಟಿಯಲ್ಲೂ ಇಲ್ಲದವರ ಕಡೆಗೆ ಬರೋಣ, ನನಗೆ ಹೆಚ್ಚು ಕಾಡುವುದು ಇವರ ವಿಷಯ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಲ್ಲಿ ಬಿಳಲಿನಿಂದ ಬುಟ್ಟಿ ಹೆಣೆದು ಬದುಕಿದ ಕೊರಗ ಬುಡಕಟ್ಟಿನವರು ಯಾವ ಸಮಿತಿಯ ಮಹಾಸಭೆಯಲ್ಲಿ ಕುಳಿತಿದ್ದಾರೆ? ಜಾತಿ ಮೀರಿ, ಧರ್ಮ ಮೀರಿ ಮದುವೆಯಾಗಿ ಎರಡೂ ಮನೆಗಳಿಂದ ದೂರವಾದ ದಂಪತಿಗಳ ಹೆಸರು ಯಾರ ಪುಸ್ತಕದಲ್ಲಿದೆ? ಚಿರೆಕಲ್ಲಿನ ಕೋರೆಯಲ್ಲಿ, ಮೀನಿನ ಬಂದರಿನಲ್ಲಿ ದುಡಿಯುವ ಬಂಗಾಳ, ಒಡಿಶಾದ ಕಾರ್ಮಿಕರು, ಸಮಿತಿಯೊಂದಿಗೆ ಜಗಳವಾಡಿ ವಂತಿಗೆ ನಿಲ್ಲಿಸಿದವರು, ಯಾವ ದೇವರನ್ನೂ ನಂಬದವರು, ಇವರಿಗೂ ಮೂತ್ರಪಿಂಡ ಕೆಡುತ್ತದೆ, ಇವರ ಮನೆಯ ಮಾಡೂ ಕುಸಿಯುತ್ತದೆ. ಕೆಟ್ಟ ಮನಸ್ಸಿನಿಂದ ಯಾರೂ ಇವರನ್ನು ಹೊರಗಿಟ್ಟಿಲ್ಲ. ಹೆಸರು ಗೊತ್ತಿಲ್ಲದ್ದರಿಂದ ಬಿಟ್ಟುಹೋಗಿದೆ, ಅಷ್ಟೇ. ಹಸಿದವನಿಗೆ ಇವೆರಡರಲ್ಲಿ ವ್ಯತ್ಯಾಸ ಕಾಣಿಸುವುದಿಲ್ಲ.

ನಮ್ಮ ಊರವರು ಇದಕ್ಕೆ ತಾವೇ ಕಂಡುಕೊಂಡ ಒಂದು ದಾರಿಯಿದೆ, ಚಿಕಿತ್ಸಾ ಸಹಾಯ ಸಮಿತಿ. ಇದರ ಕೆಲಸವನ್ನು ಹತ್ತಿರದಿಂದ ನೋಡಬೇಕು. ಯಾರಿಗೋ ಮೂತ್ರಪಿಂಡ ಬದಲಿಸಬೇಕಾಗಿದೆ, ಅಥವಾ ಮಗುವೊಂದರ ಹೃದಯಕ್ಕೆ ಶಸ್ತ್ರಚಿಕಿತ್ಸೆ ಆಗಬೇಕು. ವಾಚನಾಲಯದಲ್ಲೋ ಕ್ಲಬ್ಬಿನ ಜಗಲಿಯಲ್ಲೋ ಹತ್ತಿಪ್ಪತ್ತು ಜನ ಸೇರುತ್ತಾರೆ. ವಾರ್ಡ್ ಸದಸ್ಯರು ಅಧ್ಯಕ್ಷರು, ದೇವಸ್ಥಾನದ ಮೊಕ್ತೇಸರರು, ಮಸೀದಿಯ ಖತೀಬರು, ಚರ್ಚಿನ ಪಾದ್ರಿಯವರು ಗೌರವ ಸಲಹೆಗಾರರು. ಇಬ್ಬರು ಮೂವರ ಹೆಸರಿನಲ್ಲಿ ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯುತ್ತಾರೆ. ಖಾಸಗಿ ಬಸ್ಸಿನವರು ಒಂದು ದಿನದ ಓಟವನ್ನು ‘ಕಾರುಣ್ಯ ಯಾತ್ರೆ’ ಮಾಡುತ್ತಾರೆ. ಅಂದು ನಿರ್ವಾಹಕರು ಟಿಕೆಟ್ ಕೊಡುವ ಬದಲು ಬಕೆಟ್ ಹಿಡಿದು ಬರುತ್ತಾರೆ, ಚಾಲಕರೂ ಅವರೂ ಸಂಬಳ ಬಿಡುತ್ತಾರೆ, ಹತ್ತು ರೂಪಾಯಿಯ ದಾರಿಗೆ ಜನ ನೂರು ಹಾಕಿ ಇಳಿಯುತ್ತಾರೆ. ಚಿಕಿತ್ಸೆ ಮುಗಿದ ಮೇಲೆ ಲೆಕ್ಕ ಓದಿ ಸಮಿತಿ ಬರಖಾಸ್ತಾಗುತ್ತದೆ. ಧರ್ಮದ ಮುಂದಾಳುಗಳು ಇಲ್ಲಿ ತಮ್ಮ ಮೇಲಿನ ನಂಬಿಕೆಯನ್ನು ಕೊಡುತ್ತಾರೆ, ಹಣದ ನಿರ್ಧಾರ ಮಾತ್ರ ಊರಿನದು. ಮಂಜೇಶ್ವರದ ಉದ್ಯಾವರ ಮಾಡದ (ದೈವಸ್ಥಾನದ) ಉತ್ಸವಕ್ಕೆ ಅಲ್ಲಿನ ಮಸೀದಿಗೆ ಹೋಗಿ ‘ಸಾವಿರ ಜಮಾಅತ್’ ಎಂಬ ಹೆಸರಿನ ಅಲ್ಲಿನ ಜಮಾಅತಿನವರನ್ನು ಆಮಂತ್ರಿಸುವ ಪದ್ಧತಿ ಇರುವ ನೆಲದಲ್ಲಿ ಇಂಥ ಸಮಿತಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಸಮಿತಿಗಳಿಗೂ ಒಂದು ಕುಂದು ಅಂಟಿಕೊಂಡಿದೆ. ರೋಗಿಯ ಮುಖ, ಮನೆಯ ಕಷ್ಟ, ಖಾತೆಯ ಸಂಖ್ಯೆ ಎಲ್ಲವೂ ಫ್ಲೆಕ್ಸಿನ ಮೇಲೆ ಪೇಟೆಯ ಸರ್ಕಲಿನಲ್ಲಿ ತೂಗುತ್ತವೆ, ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಮುದ್ದಾದ ಮಗುವಿನ ಫೋಟೋಗೆ ಹಣ ಬೇಗ ಕೂಡುತ್ತದೆ. ವಯಸ್ಸಾದ ಕೂಲಿಯಾಳಿನ ಫೋಟೋಗೆ ಕೂಡುವುದಿಲ್ಲ. ಗುಣವಾಗಿ ಮರಳಿದವನು ಮುಂದೆ ಅದೇ ಪೇಟೆಯಲ್ಲಿ ತಲೆಯೆತ್ತಿ ನಡೆಯಬೇಕು ಎಂಬುದನ್ನು ಬ್ಯಾನರ್ ಬರೆಸುವಾಗ ಯಾರೂ ನೆನೆಯುವುದಿಲ್ಲ.

ಈಗ ಎರಡನೆಯ ಪ್ರಶ್ನೆ, ಬಾಕಿಯದು. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಕೇರಳದ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ ತನ್ನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಸಿತು. ಎಣ್ಮಕಜೆಯ ಪಡ್ರೆ, ಬೆಳ್ಳೂರು, ಮುಳಿಯಾರು, ಪೆರಿಯ, ಚೀಮೇನಿ ಹೀಗೆ ಊರಿನಿಂದ ಊರಿಗೆ ತಲೆ ಬೆಳೆದ, ಕೈಕಾಲು ಸೊಟ್ಟಗಾದ, ಮಾತು ಬಾರದ ಮಕ್ಕಳು ಹುಟ್ಟಿದರು. ಸಂತ್ರಸ್ತರ ಅಧಿಕೃತ ಪಟ್ಟಿಯಲ್ಲಿ ಆರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. 2017ರ ಜನವರಿ 10ರಂದು ಸುಪ್ರೀಂ ಕೋರ್ಟು ಮೂರು ತಿಂಗಳೊಳಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ನೋಡಿದಾಗ, ನ್ಯಾಯಾಂಗ ನಿಂದನೆಯ ಅರ್ಜಿ ಹಾಕಿದ್ದ ಎಂಟು ಮಂದಿಗಷ್ಟೇ ಹಣ ಸಿಕ್ಕಿತ್ತು. ಕೋರ್ಟು ಕಟುಮಾತಿನಲ್ಲಿ ಗದರಿದ ಮೇಲೆ ಸರಕಾರ ಎಚ್ಚೆತ್ತುಕೊಂಡಿತು.

ಈ ನಡುವಿನ ವರ್ಷಗಳಲ್ಲಿ ಆ ಮನೆಗಳಿಗೆ ಅಕ್ಕಿ, ಔಷಧ, ಗಾಲಿಕುರ್ಚಿ ತಂದವರು ಯಾರು? ಸಂಘಟನೆಗಳು, ಚರ್ಚುಗಳು, ಜಮಾಅತ್‌ಗಳು, ಭಕ್ತರು. ಸತ್ಯಸಾಯಿಯವರ ಹೆಸರಿನ ಟ್ರಸ್ಟ್ ಸಂತ್ರಸ್ತರಿಗೆ ಮನೆಗಳನ್ನೇ ಕಟ್ಟಿಕೊಟ್ಟಿತು. ಅವರಿಗೆಲ್ಲ ಕೈಮುಗಿಯಬೇಕು. ಆದರೆ ವಿಷ ಸುರಿದದ್ದು ಸರಕಾರದ ಸಂಸ್ಥೆ. ಆ ತಾಯಂದಿರು ಯಾರಿಗೂ ಋಣಿಗಳಾಗಿ ಕೃತಜ್ಞತೆ ಹೇಳಬೇಕಾದ ಅಗತ್ಯವೇ ಇರಲಿಲ್ಲ, ಅವರಿಗೆ ಸಲ್ಲಬೇಕಾದದ್ದು ಸಂದಿದ್ದರೆ ಸಾಕಿತ್ತು. ಹಕ್ಕಿನ ಹಣವನ್ನು ದಾನವಾಗಿ ಪಡೆಯಬೇಕಾಗಿ ಬಂದಾಗ ಮನುಷ್ಯನ ಬೆನ್ನು ಬಾಗುತ್ತದೆ. 2020ರ ಮಾರ್ಚಿನಲ್ಲಿ ತಲಪಾಡಿಯ ರಸ್ತೆಗೆ ಕರ್ನಾಟಕ ಮಣ್ಣು ಸುರಿದು ಮುಚ್ಚಿದಾಗಲೂ ಕಂಡದ್ದು ಇದೇ. ಮಂಗಳೂರಿನ ಆಸ್ಪತ್ರೆಗಳನ್ನು ನಂಬಿದ್ದ ಹಲವು ರೋಗಿಗಳು ಗಡಿಯಲ್ಲೇ ದಾರಿ ಸಿಗದೆ ತೀರಿಕೊಂಡರು. ಅದೇ ವರ್ಷ ಟಾಟಾ ಸಮೂಹ ತೆಕ್ಕಿಲಿನಲ್ಲಿ ಕೆಲವೇ ತಿಂಗಳಲ್ಲಿ ಕೋವಿಡ್ ಆಸ್ಪತ್ರೆ ಕಟ್ಟಿ ಸೆಪ್ಟೆಂಬರಿನಲ್ಲಿ ಒಪ್ಪಿಸಿತು. ದಾನಿ ಧಾರ್ಮಿಕನಾಗಲಿ ಉದ್ಯಮಿಯಾಗಲಿ, ಸರಕಾರಕ್ಕೆ ಬಿಡುವು ಸಿಕ್ಕಿದ್ದಂತೂ ನಿಜ.

ಎರಡೂ ಪ್ರಶ್ನೆಗಳಿಗೆ ಒಟ್ಟಾಗಿ ಉತ್ತರ ಕೊಟ್ಟ ಒಂದು ಮಾದರಿ ಕೇರಳದಲ್ಲಿಯೇ ಇದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ಪಾಲಿಯೇಟಿವ್ ಆರೈಕೆ (ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಆರೈಕೆ) 2008ರ ಹೊತ್ತಿಗೆ ರಾಜ್ಯದ ನೀತಿಯಾಯಿತು, ಗ್ರಾಮ ಪಂಚಾಯತ್‌ಗಳ ಕೆಲಸವಾಯಿತು. ಹಾಸಿಗೆ ಹಿಡಿದವರ ಮನೆಗೆ ನರ್ಸ್ ಹೋಗುತ್ತಾರೆ. ಮೂತ್ರದ ನಳಿಕೆ ಬದಲಿಸುತ್ತಾರೆ, ಬೆನ್ನಿನ ಹುಣ್ಣು ತೊಳೆದು ಮುಲಾಮು ಹಚ್ಚುತ್ತಾರೆ, ರೋಗಿಯನ್ನು ಮಗ್ಗುಲು ಹೊರಳಿಸುವ ಬಗೆಯನ್ನು ಮನೆಯವರಿಗೆ ಕಲಿಸುತ್ತಾರೆ. ಜೀಪಿಗೆ ಡೀಸೆಲ್ ಹಾಕಿದವರು ಜಮಾಅತಿನವರಿರಬಹುದು, ನೀರಿನ ಹಾಸಿಗೆ ಕೊಟ್ಟವರು ಚರ್ಚಿನವರಿರಬಹುದು, ಜೊತೆಗೆ ಬಂದ ಸ್ವಯಂಸೇವಕ ಭಜನಾ ಮಂದಿರದ ಹುಡುಗನಿರಬಹುದು. ಆದರೆ ಯಾರ ಮನೆಗೆ ಹೋಗಬೇಕೆಂಬ ಪಟ್ಟಿ ಪಂಚಾಯತ್‌ನದು, ಅದರಲ್ಲಿ ಧರ್ಮದ ಕಲಂ ಇಲ್ಲ. ಕೇರಳ ಸರಕಾರ 2025ರ ನವೆಂಬರ್ 1ರಂದು ರಾಜ್ಯವನ್ನು ಅತಿಬಡತನಮುಕ್ತ ಎಂದು ಘೋಷಿಸಿತು. ಆ ಘೋಷಣೆಯ ಬಗ್ಗೆ ತಕರಾರುಗಳು ಸಾಕಷ್ಟಿವೆ, ನನಗೂ ಇದೆ. ಆದರೆ ಅದಕ್ಕಾಗಿ ವಾರ್ಡು ವಾರ್ಡಿನಲ್ಲಿ ಜನರೇ ಕುಳಿತು 64,006 ಕುಟುಂಬಗಳನ್ನು ಗುರುತಿಸಿದ ರೀತಿ ಸರಿಯಾಗಿತ್ತು. ರೇಶನ್ ಕಾರ್ಡು, ಆಧಾರ್ ಇಲ್ಲದವರೂ ಅದರಲ್ಲಿ ಸೇರಿದರು.

ಹಾಗಾಗಿ ನಮ್ಮ ದೇವಸ್ಥಾನ ಸಮಿತಿಗಳು, ಜಮಾಅತ್‌ಗಳು, ಚರ್ಚ್ ಪಾಲನಾ ಸಮಿತಿಗಳ ಮುಂದೆ ಇಡಬಹುದಾದ ಬೇಡಿಕೆ ದೊಡ್ಡದೇನಲ್ಲ. ಝಕಾತ್ ಝಕಾತಾಗಿಯೇ ಇರಲಿ, ದೇವರ ಉತ್ಸವ ಉತ್ಸವವಾಗಿಯೇ ನಡೆಯಲಿ. ಸಾರ್ವಜನಿಕರಿಂದ ಎತ್ತಿದ ಸೇವಾನಿಧಿಯ ಒಂದು ಭಾಗವನ್ನು ಪ್ರತಿ ವರ್ಷ ವಾರ್ಡಿನ ಆಶಾ ಕಾರ್ಯಕರ್ತೆಯೂ ಪಾಲಿಯೇಟಿವ್ ನರ್ಸೂ ಹೇಳಿದ ಮನೆಗಳಿಗೆ ಕೊಡಿ. ಕೊಟ್ಟದ್ದರ ಮೊತ್ತವನ್ನು ಸೂಚನಾ ಫಲಕದಲ್ಲಿ ಹಾಕಿ, ಪಡೆದವರ ಹೆಸರು ಹಾಕಬೇಡಿ. ಆ ಇಬ್ಬರು ಹೆಂಗಸರಿಗೆ ಗುಡ್ಡದ ಮೇಲಿನ ಕೊರಗರ ಮನೆಯೂ ಗೊತ್ತು, ಬಾಡಿಗೆ ಕೋಣೆಯಲ್ಲಿ ಜ್ವರದಿಂದ ಮಲಗಿದ ಒಡಿಶಾದ ಹುಡುಗನೂ ಗೊತ್ತು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ದೇವಸ್ವಂ ಮಂಡಳಿಯೋ ವಕ್ಫ್ ಮಂಡಳಿಯೋ ಸುತ್ತೋಲೆ ಹೊರಡಿಸಲಿ ಎಂದು ಕಾಯಬೇಕಾಗಿಯೂ ಇಲ್ಲ. ಊರವರೇ ಕೂಡಿಸಿದ ನಿಧಿಯಾದರೆ ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಿದರೆ ನಿರ್ಣಯ ಆಗುತ್ತದೆ.